ನಿಂತ ಚಕ್ರಕ್ಕೆ ಕೂಲಿ ಇಲ್ಲ

ಗಂಟೆ ಲೆಕ್ಕದಲ್ಲಿ ಸಂಬಳ ಅಂದಾಗ ನಾನು ಅರವತ್ತು ನಿಮಿಷದ ಗಂಟೆ ಅಂದುಕೊಂಡೆ. ತಪ್ಪು ನನ್ನದೇ. ಶಾಲೆಯಲ್ಲಿ ಹಾಗೆ ಹೇಳಿಕೊಟ್ಟಿದ್ದರು, ನಂಬಿಬಿಟ್ಟಿದ್ದೆ. ಕಂಪನಿಗಳಲ್ಲಿ ಬೇರೆ ಥರದ ಗಂಟೆ ಇರುತ್ತದೆ ಅನ್ನುವ ಸುದ್ದಿ ನಮ್ಮ ಓಣಿಯ ತನಕ ಬಂದಿರಲಿಲ್ಲ.

ನಮ್ಮ ಓಣಿ ಇರುವುದು ಊರಿನ ಕಸ ಸುರಿಯುವ ಬಯಲಿನ ಹಿಂದೆ. ಚರಂಡಿಗೆ ಇಳಿಯುವವರು, ಬೀದಿ ಗುಡಿಸುವವರು, ಸತ್ತ ನಾಯಿ ಎತ್ತುವವರು ಎಲ್ಲ ಅಲ್ಲೇ. ಊರನ್ನು ತೊಳೆಯುವವರು ನಾವು, ಗಲೀಜಿನವರು ಅನ್ನುವ ಹೆಸರೂ ನಮಗೇ. ನಾನೂ ನನ್ನ ಗಂಡನೂ ಆಸ್ಪತ್ರೆಯ ಲಾಂಡ್ರಿಯಲ್ಲಿದ್ದೆವು. ರಕ್ತ, ಕೀವು, ವಾಂತಿ ಹತ್ತಿದ ಚಾದರಗಳನ್ನು ಕುದಿಯುವ ನೀರಿನಿಂದ ಎತ್ತಿ ಹಿಂಡುವ ಕೆಲಸ. ಮೊಣಕೈವರೆಗೆ ಚರ್ಮ ಸುಲಿದುಹೋಗಿತ್ತು. ಸಂಬಳ ಕಡಿಮೆ. ಆದರೆ ತಿಂಗಳಿಗೊಮ್ಮೆ ತಪ್ಪದೆ ಬರುತ್ತಿತ್ತು, ಅದೊಂದು ಗುಣ ಅದಕ್ಕೆ.

ಲಾರಿಯ ಹುಚ್ಚು ಹತ್ತಿಸಿದವರು ನನ್ನ ಮಾವ, ಗಂಡನ ಅಪ್ಪ. ಹರೆಯದಿಂದ ಮುಪ್ಪಿನವರೆಗೆ ಲಾರಿ ಓಡಿಸಿದವರು. ಸಂಪಾದಿಸಿದ್ದು ಮೂಲವ್ಯಾಧಿ ಮತ್ತು ಕೆಟ್ಟುಹೋದ ಸೊಂಟ.

"ಮಾಲೀಕರು ಎರಡು ಪೆನ್ಶನ್ ಕೊಟ್ಟಿದ್ದಾರೆ ಕಣಮ್ಮ," ಅನ್ನುತ್ತಿದ್ದರು. "ಒಂದು ಕೂರೋಕೆ ಬಿಡಲ್ಲ, ಇನ್ನೊಂದು ಏಳೋಕೆ ಬಿಡಲ್ಲ."

ಇಷ್ಟಾದರೂ ಲಾರಿ ಅಂದರೆ ಅವರ ಕಣ್ಣು ಮಿನುಗುತ್ತಿತ್ತು. ಮಗನಿಗೆ ಕಲಿಸಲು ನೋಡಿದರು. ನನ್ನ ಗಂಡ ಪಾಪದವನು, ಎದುರಿಂದ ಸೈಕಲ್ ಬಂದರೂ ಕಣ್ಣು ಮುಚ್ಚಿಕೊಳ್ಳುತ್ತಾನೆ. ಕೊನೆಗೆ ಸೊಸೆಯೇ ಗತಿ ಅಂತ ನನಗೆ ಪಾಠ ಶುರು ಮಾಡಿದರು. ಅಡುಗೆ ಮಾಡುವ ಜಾಗದಲ್ಲಿ ಎರಡು ಚಪ್ಪಲಿಗಳನ್ನು ದಾರದಿಂದ ಕಟ್ಟಿ, ಮುಂದಿನದು ಲಾರಿ, ಹಿಂದಿನದು ಟ್ರೇಲರ್ ಅಂತ, ಪಾತ್ರೆಗಳ ನಡುವೆ ಹಿಂದಕ್ಕೆ ತಳ್ಳಿಸಿದರು. "ಮುಂದೆ ಹೋಗೋದನ್ನ ಕತ್ತೆನೂ ಮಾಡುತ್ತೆ. ಹಿಂದೆ ಹೋಗೋಕೆ ಬಂದ್ರೆ ಡ್ರೈವರ್," ಅಂದರು. ಪಾತ್ರೆಗೆ ಚಪ್ಪಲಿ ತಗುಲಿದರೆ ಬೈಗುಳ. ಅವರ ಬೈಗುಳಗಳನ್ನು ಇಲ್ಲಿ ಬರೆದರೆ ಓದುವವರು ಪುಸ್ತಕ ತೊಳೆಯಬೇಕಾಗುತ್ತದೆ. ಆಮೇಲೆ ಅವರ ಹಳೆಯ ಗೆಳೆಯನ ಲಾರಿಯಲ್ಲಿ ಕಲಿತೆ, ಸಾಲ ಮಾಡಿ ಲೈಸೆನ್ಸ್ ತೆಗೆದುಕೊಂಡೆ.

ಕೆಲಸ ಸಿಕ್ಕಿದ್ದು ಪಿಂಗಾಣಿ ಕಂಪನಿಯಲ್ಲಿ. ಪಿಂಗಾಣಿ ಅಂದರೆ ಟೀ ಕುಡಿಯುವ ಕಪ್ಪು ಬಸಿ ಅಲ್ಲ, ಕಮೋಡು. ಬಿಳಿ, ಕೆನೆ, ತಿಳಿನೀಲಿ, ಎಲ್ಲ ಬಣ್ಣದ್ದು. ಕಾರ್ಖಾನೆಯಲ್ಲಿ ತುಂಬಿಕೊಂಡು ಊರಾಚೆಯ ಗೋದಾಮಿಗೆ ಇಳಿಸಬೇಕು. ಕೆಲಸಕ್ಕೆ ತೆಗೆದುಕೊಂಡವನು ಸಾರಿಗೆ ಮ್ಯಾನೇಜರ್. ಅವನ ಅಂಗಿಯ ತೋಳಿನ ಗೆರೆಯಿಂದ ತರಕಾರಿ ಹೆಚ್ಚಬಹುದಿತ್ತು. ಲಾಂಡ್ರಿಯವಳ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಅಂದೇ ಅವನಿಗೆ ಇಸ್ತ್ರಿ ಅಂತ ಹೆಸರಿಟ್ಟೆ.

"ಯಾವ ಓಣಿ ನಿಂದು?" ಅಂದ ಇಸ್ತ್ರಿ.

ಹೇಳಿದೆ. ಅವನ ಕುರ್ಚಿ ಗೇಣಷ್ಟು ಹಿಂದೆ ಹೋಯಿತು. ಸಹಿ ಹಾಕಲು ತನ್ನ ಪೆನ್ನು ಕೊಟ್ಟ. ಹಾಕಿ ವಾಪಸ್ ಕೊಡಹೋದೆ. "ಇರ್ಲಿ, ನೀನೇ ಇಟ್ಕೋ," ಅಂದ. ಒಳ್ಳೆಯ ಪೆನ್ನು, ಹೊಳೆಯುವ ಟೊಪ್ಪಿ. ಎಷ್ಟು ಧಾರಾಳಿ ಮನುಷ್ಯ ಅಂತ ಖುಷಿಯಿಂದ ಮನೆಗೆ ತಂದು ತೋರಿಸಿದೆ. ಮಾವ ಅದನ್ನು ತಿರುಗಿಸಿ ನೋಡಿ ನಕ್ಕರು.

"ಇದು ಬಹುಮಾನ ಅಲ್ಲ ಹುಚ್ಚಿ. ನೀನು ಮುಟ್ಟಿದ್ದು ಅವನಿಗೆ ಬೇಡ, ಅಷ್ಟೆ."

ಮೈಯೆಲ್ಲ ಉರಿಯಿತು. ಆದರೂ ಪೆನ್ನು ಬಿಸಾಡಲಿಲ್ಲ. ಅವನಿಗೆ ಬೇಡವಾದರೆ ಬೇಡ, ಬರೆಯುವುದಕ್ಕೆ ಅದರಲ್ಲಿ ಮಸಿ ಇತ್ತು.

ಗಂಟೆಯ ದರ ಕೇಳಿದಾಗಲಂತೂ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆ ಬರಲಿಲ್ಲ. ಲಾಂಡ್ರಿಯ ಸಂಬಳದ ಎರಡರಷ್ಟು ಆಗುತ್ತಿತ್ತು. ಸಾಲ ತೀರಿಸಿ, ಮಾವನ ಸೊಂಟವನ್ನು ಒಳ್ಳೆಯ ಡಾಕ್ಟರರಿಗೆ ತೋರಿಸಿ, ಮಳೆ ಬಂದರೆ ಸೋರದ ಒಂದು ಕೋಣೆಗೆ ಹೋಗಬಹುದು ಅಂತ ನನ್ನ ಗಂಡ ಮಲಗಿದಲ್ಲೇ ಸಾಮಾನು ಜೋಡಿಸತೊಡಗಿದ. ನಾನು ಲಾಂಡ್ರಿ ಬಿಟ್ಟೆ. ಬಿಟ್ಟ ಮರುದಿನವೇ ಅಲ್ಲಿ ಬೇರೆಯವಳು ಬಂದಳು.

ಲಾರಿಯ ಒಳಗೆ, ಸ್ಟೀರಿಂಗಿನ ಪಕ್ಕ, ಒಂದು ಕರಿಯ ಡಬ್ಬಿ ಇತ್ತು. ಚಕ್ರ ತಿರುಗಿದರೆ ಅದರಲ್ಲಿ ಹಸಿರು ದೀಪ. ನಿಂತರೆ ಕೆಂಪು. ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ ಹೋದರೂ ಕೆಂಪೇ. ನೋಡಲು ಚೆನ್ನಾಗಿತ್ತು. ಯಾತಕ್ಕೆ ಅಂತ ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಕಾರ್ಖಾನೆಯಿಂದ ಗೋದಾಮಿಗೆ ದಾರಿ ಸಣ್ಣದು. ನಿಜವಾದ ಕೆಲಸ ಶುರುವಾಗುತ್ತಿದ್ದದ್ದು ಗೋದಾಮಿನ ಗೇಟಿನಲ್ಲಿ. ಕಂಪನಿಯ ಲಾರಿಗಳೆಲ್ಲ ಅಲ್ಲಿ ಸಾಲು ನಿಲ್ಲುತ್ತವೆ. ಒಂದೊಂದು ದಿನ ಬೆಳಿಗ್ಗೆ ನಿಂತರೆ ಸರದಿ ಬರುವಾಗ ಹೊತ್ತು ಇಳಿದಿರುತ್ತದೆ. ಲಾರಿ ಬಿಟ್ಟು ದೂರ ಹೋಗುವಂತಿಲ್ಲ. ಮುಂದಿನ ಲಾರಿ ಒಂದು ಮಾರು ಸರಿದರೆ ನಾವೂ ಸರಿಯಬೇಕು. ಸರಿಯದಿದ್ದರೆ ಗೇಟಿನವನು ಸಾಲಿನ ಬಾಲಕ್ಕೆ ಕಳಿಸುತ್ತಾನೆ. ತಗಡಿನ ಛಾವಣಿ, ಕೆಳಗೆ ಎಂಜಿನ್. ಎರಡರ ನಡುವೆ ಬೇಯುತ್ತ ಕೂರಬೇಕು. ಸರದಿ ಬಂದ ಮೇಲೆ ಕಮೋಡುಗಳನ್ನು ನಾವೇ ಇಳಿಸಬೇಕು. ಕೈ ಜಾರಿ ಒಡೆದರೆ ಬೆಲೆ ನಮ್ಮದು. ಅದನ್ನು ಎದೆಗವಚಿಕೊಂಡು ಹಲಗೆಯ ಮೇಲೆ ಇಳಿಯುವಾಗ ಹಸುಗೂಸನ್ನೂ ಇಷ್ಟು ಜೋಪಾನವಾಗಿ ಯಾರೂ ಎತ್ತಿಕೊಂಡಿರಲಾರರು ಅನಿಸುತ್ತಿತ್ತು. ಸೊಂಟದ ಕೀಲು ಒಂದೊಂದೂ ತನ್ನ ಹೆಸರು ಹೇಳುತ್ತಿತ್ತು.

ಇನ್ನೊಂದು ತೊಂದರೆ ಇತ್ತು. ಹೇಳಲು ನಾಚಿಕೆ ಪಡುವವಳು ನಾನಲ್ಲ. ಗೋದಾಮಿನ ಒಳಗೆ ಸಾಲುಸಾಲು ಕಮೋಡು, ನನ್ನ ಲಾರಿಯಲ್ಲಿ ಸಾಲುಸಾಲು ಕಮೋಡು, ಉಚ್ಚೆ ಹೊಯ್ಯಲು ನನಗೆ ಜಾಗ ಇಲ್ಲ.

"ಒಳಗಿನದು ಆಫೀಸಿನವರಿಗೆ," ಅಂದ ಗೇಟಿನವನು. "ಡ್ರೈವರ್‌ಗಳಿಗೆ ಗೋಡೆ ಇದೆ."

ಗೋಡೆ ಇತ್ತು, ನಿಜ. ಉದ್ದಕ್ಕೂ ಗಂಡಸರು ಬೆನ್ನು ತೋರಿಸಿ ನಿಂತಿರುತ್ತಿದ್ದರು. ನಾನು ಬಂದ ಮೇಲೆ ಅವರಿಗೂ ಕಿರಿಕಿರಿ. ಸಾಲಿನಲ್ಲಿ ನನ್ನ ಹಿಂದಿನ ಲಾರಿಯವನನ್ನು ಎಲ್ಲರೂ ಹಾರ್ನ್ ಅಂತ ಕರೆಯುತ್ತಿದ್ದರು, ಅವನ ಕೈಗಾಗಲಿ ಬಾಯಿಗಾಗಲಿ ಬಿಡುವು ಇರಲಿಲ್ಲ. ವಯಸ್ಸಾದವನು, ಸಾಲಿಗೆಲ್ಲ ಹಿರಿಯ.

"ಏ ಸೌಟು," ಅಂತ ನನ್ನನ್ನು ಕರೆಯುತ್ತಿದ್ದ. ಹೆಂಗಸಿನ ಕೈಗೆ ಸೌಟೇ ಸರಿ, ಸ್ಟೀರಿಂಗ್ ಅಲ್ಲ ಅನ್ನುವುದು ಅವನ ಸಿದ್ಧಾಂತ. "ನೀನು ಬಂದ್ಮೇಲೆ ಟಯರ್ ಹಿಂದೆ ನಿಲ್ಲೋಕೂ ಧೈರ್ಯ ಇಲ್ಲ ನಮಗೆ. ಕಾಲು ಶತಮಾನದಿಂದ ನಿಂತ ಟಯರು."

"ನಿಲ್ಲು ಅಣ್ಣ, ನಾನೇನು ಟಿಕೆಟ್ ಕೊಂಡು ನೋಡೋಕೆ ಬರ್ತೀನಾ," ಅಂದೆ.

ಬಾಯಿ ಜೋರಿದ್ದರೆ ಹೊಟ್ಟೆ ಕೇಳುವುದಿಲ್ಲ. ನಾನು ನೀರು ಕುಡಿಯುವುದನ್ನೇ ಬಿಟ್ಟೆ. ಬೆಳಿಗ್ಗೆ ಮನೆಯಲ್ಲಿ ಒಂದು ಗುಟುಕು, ಮತ್ತೆ ಮನೆಗೆ ಬಂದ ಮೇಲೆ. ತುಟಿ ಒಡೆಯಿತು. ಆಮೇಲೆ ಕೆಳಗೆ ಉರಿ ಶುರುವಾಯಿತು. ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿ. ಚಳಿಜ್ವರ ಬಂತು. ಯಾವ ಆಸ್ಪತ್ರೆಯ ಚಾದರ ಒಗೆಯುತ್ತಿದ್ದೆನೋ ಅದೇ ಆಸ್ಪತ್ರೆಯಲ್ಲಿ ಸಾಲು ನಿಂತೆ. "ನೀರು ಚೆನ್ನಾಗಿ ಕುಡೀಬೇಕಮ್ಮ, ಬಂದಾಗ ತಡೆದುಕೊಳ್ಳಬಾರದು," ಅಂದರು ಡಾಕ್ಟರಮ್ಮ.

"ಇದನ್ನ ಒಂದು ಚೀಟಿಯಲ್ಲಿ ಗೇಟಿನವನಿಗೆ ಬರೆದುಕೊಡಿ," ಅಂದೆ. ಅವರಿಗೆ ಅರ್ಥವಾಗಲಿಲ್ಲ. ಮಾತ್ರೆ ಬರೆದುಕೊಟ್ಟರು.

ಇಷ್ಟೆಲ್ಲ ಸಹಿಸಿಕೊಂಡಿದ್ದು ತಿಂಗಳ ಕೊನೆ ಬರುತ್ತದೆ ಅನ್ನುವ ಒಂದೇ ಆಸೆಯಿಂದ. ಬಂತು. ಕೈಗೆ ಬಂದ ದುಡ್ಡು ಲಾಂಡ್ರಿಯ ಸಂಬಳಕ್ಕಿಂತ ಕಡಿಮೆ ಇತ್ತು. ಬೇರೆ ಯಾರದ್ದೋ ನನಗೆ ಕೊಟ್ಟಿದ್ದಾರೆ ಅಂದುಕೊಂಡು, ಪಾಪ ಅವರು ಹುಡುಕುತ್ತಿರಬಹುದು ಅಂತ ಓಡಿಕೊಂಡು ಇಸ್ತ್ರಿಯ ಹತ್ತಿರ ಹೋದೆ. ನನ್ನ ಪೆದ್ದುತನಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

"ಸರಿಯಾಗೇ ಇದೆ," ಅಂದ ಇಸ್ತ್ರಿ. "ಚಕ್ರ ತಿರುಗಿದ ಹೊತ್ತಿಗೆ ಕೂಲಿ. ನಿಂತ ಚಕ್ರಕ್ಕೆ ಕೂಲಿ ಇಲ್ಲ. ಡಬ್ಬಿ ನೋಡಿಲ್ವಾ ನೀನು?"

"ಮತ್ತೆ ಸಾಲಲ್ಲಿ ನಿಲ್ಲೋದು?"

"ಅದು ರೆಸ್ಟ್. ಸುಮ್ಮನೆ ಕೂತಿರ್ತೀಯಲ್ಲ."

"ಕಮೋಡು ಇಳಿಸೋದು?"

"ಆಗ ಚಕ್ರ ತಿರುಗುತ್ತಾ?"

"ಇಲ್ಲ ಸರ್, ನನ್ನ ತಲೆ ತಿರುಗುತ್ತೆ."

ಅವನು ನಗಲಿಲ್ಲ. "ನೋಡು, ನೀನು ಹೊಸಬಳು. ನಮ್ಮ ಗಾಡಿಯಲ್ಲಿ ಕಲೀತಾ ಇದ್ದೀಯ. ನ್ಯಾಯವಾಗಿ ನೀನೇ ನಮಗೆ ಫೀಸ್ ಕೊಡ್ಬೇಕು. ಬೇರೆ ಯಾರು ನಿಮ್ಮ ಓಣಿಯವರನ್ನ ಸ್ಟೀರಿಂಗ್ ಮುಟ್ಟೋಕೆ ಬಿಡ್ತಾರೆ ಹೇಳು."

ಹೇಳಲು ನನ್ನ ಹತ್ತಿರ ಬಹಳ ಇತ್ತು, ಎಲ್ಲ ಮಾವ ಕಲಿಸಿದ್ದು. ನುಂಗಿಕೊಂಡೆ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಲಾಂಡ್ರಿಗೆ ವಾಪಸ್ ಹೋಗೋಣ ಅಂದರೆ ಅಲ್ಲಿ ಜಾಗ ಇಲ್ಲ. ಸಾಲ ಕೊಟ್ಟವನು ಆಗಲೇ ಬಾಗಿಲಿಗೆ ಬಂದು ಮಾವನ ಯೋಗಕ್ಷೇಮ ವಿಚಾರಿಸಿ ಹೋಗಿದ್ದ. ಅವನು ಯೋಗಕ್ಷೇಮ ವಿಚಾರಿಸುವ ರೀತಿ ಮೈಗೆ ಒಳ್ಳೆಯದಲ್ಲ.

ಮನೆಯಲ್ಲಿ ಹೇಳಿದಾಗ ನನ್ನ ಗಂಡ ಸೋರುವ ಜಾಗದ ಕೆಳಗೆ ಪಾತ್ರೆ ಸರಿಸಿಟ್ಟ. ಮಾವ ಮಲಗಿದಲ್ಲೇ ಗೋಡೆಯ ಕಡೆ ಹೊರಳಿದರು.

"ನಮ್ಮ ಕಾಲದಲ್ಲಿ ಟ್ರಿಪ್ಪಿಗೆ ಇಷ್ಟು ಅಂತ ಮೋಸ ಮಾಡ್ತಿದ್ರು," ಅಂದರು. "ಈಗ ಗಂಟೆಗೆ ಇಷ್ಟು ಅಂತ. ಮೋಸಾನೂ ಓದಿ ಮುಂದೆ ಬಂದಿದೆ."

"ನೀವೇನು ಮಾಡ್ತಿದ್ರಿ ಮಾವ?"

"ನಾವಾ? ಟಯರಿಗೆ ಒದೀತಿದ್ವಿ. ಮಾಲೀಕನ ಮೂತಿ ಅಂದ್ಕೊಂಡು ಟಯರಿಗೆ ಒದೀತಿದ್ವಿ. ಕಾಲು ನೋವು ಬಂತು, ಟಯರಿಗೆ ಏನೂ ಆಗ್ಲಿಲ್ಲ." ಅವರು ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಮುದುಕನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ದುಃಖಕ್ಕಿಂತ ಸಿಟ್ಟು ಹೆಚ್ಚು ಬಂತು. ಇಸ್ತ್ರಿಯ ಮೇಲೆ ಸಿಟ್ಟು, ಆ ಡಬ್ಬಿಯ ಮೇಲೆ ಸಿಟ್ಟು, ಫೀಸ್ ಅನ್ನುವ ಮಾತು ಕೇಳಿಯೂ ತಲೆಯಾಡಿಸಿ ಬಂದ ನನ್ನ ಕತ್ತಿನ ಮೇಲೆ ಸಿಟ್ಟು.

ಆಮೇಲಿನ ವಾರ ಒಂದು ದಿನ ಬೆಳಿಗ್ಗೆಯಿಂದ ಸಾಲಲ್ಲಿದ್ದೆ. ಬಿಸಿಲು ಅಂದರೆ ಬಿಸಿಲು. ಡಬ್ಬಿಯ ಕೆಂಪು ದೀಪ ನನ್ನನ್ನೇ ನೋಡುತ್ತಿತ್ತು. ಮಾತ್ರೆ ನುಂಗಬೇಕಾದ್ದರಿಂದ ನೀರು ಕುಡಿದಿದ್ದೆ. ಕುಡಿದ ನೀರು ಕಂಪನಿಯ ಕಾನೂನು ಕೇಳುವುದಿಲ್ಲ. ಕಿಬ್ಬೊಟ್ಟೆ ಕಲ್ಲಾಯಿತು. ತೊಡೆ ನಡುಗುತ್ತಿತ್ತು. ಕ್ಲಚ್ ಒತ್ತಿದಾಗಲೆಲ್ಲ ಈಗ ಆಯಿತು, ಈಗ ಆಯಿತು ಅನ್ನುವ ಸ್ಥಿತಿ. ಮಧ್ಯಾಹ್ನ ಕಳೆದ ಮೇಲೆ ಅಂತೂ ನನ್ನ ಲಾರಿ ಗೇಟಿನ ಬಾಯಿಗೆ ಬಂತು, ಮೂತಿ ಒಳಗೆ, ಬಾಲ ಹೊರಗೆ. ಅಲ್ಲಿ ಮತ್ತೆ ನಿಲ್ಲಿಸಿದರು.

ಗೇಟಿನವನನ್ನು ಕೇಳಿದೆ. "ಅಣ್ಣ, ಒಂದೇ ನಿಮಿಷ. ಒಳಗೆ ಹೋಗಿ ಬರ್ತೀನಿ."

"ಗೋಡೆ ಇದೆಯಲ್ಲ," ಅಂದ. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ನಾನು ಇಸ್ತ್ರಿಗೆ ಫೋನ್ ಮಾಡಿದೆ. ದನಿ ನೆಟ್ಟಗಿಟ್ಟುಕೊಂಡು ಕೇಳಿದೆ. "ಸರ್, ಬೆಳಿಗ್ಗೆಯಿಂದ ಸಾಲಲ್ಲಿದ್ದೀನಿ. ಈ ಹೊತ್ತಿಗೆ ಕೂಲಿ ಉಂಟಾ?"

"ಎಷ್ಟು ಸಲ ಹೇಳೋದು ನಿನಗೆ? ನೀನೀಗ ರೆಸ್ಟಲ್ಲಿದ್ದೀಯ."

"ಖಂಡಿತಾನಾ ಸರ್? ಕೆಲಸದಲ್ಲಿಲ್ಲ ತಾನೆ ನಾನು?"

"ಇಲ್ಲ ಅಂದೆನಲ್ಲ. ರೆಸ್ಟ್."

"ಬಹಳ ಉಪಕಾರ ಆಯ್ತು ಸರ್."

ಎಂಜಿನ್ ಆಫ್ ಮಾಡಿದೆ. ಕೈ ಬ್ರೇಕ್ ಎಳೆದೆ. ಕೀಲಿ ತೆಗೆದು ಕುಪ್ಪಸದೊಳಗೆ ಸೇರಿಸಿದೆ. ಲಾರಿ ಇಳಿದು, ಬಾಗಿಲು ಹಾಕಿ, ನಡೆದುಬಿಟ್ಟೆ.

ಎರಡು ಬೀದಿ ಆಚೆ ಒಂದು ಟೀ ಅಂಗಡಿ ಇದೆ. ಅಂಗಡಿಯಮ್ಮನ ಮನೆ ಹಿಂದೆಯೇ. ಅವಳು ನನ್ನ ಮುಖ ನೋಡಿದ್ದೇ ಒಂದು ಮಾತೂ ಕೇಳದೆ ಬಾಗಿಲು ತೋರಿಸಿದಳು. ಒಳಗೆ ಕೂತಾಗ ಕಣ್ಣೀರೂ ಜೊತೆಗೇ ಹರಿಯಿತು. ಉರಿ ಇತ್ತು, ಸುಖವೂ ಇತ್ತು. ಕಂಪನಿ ಕೊಟ್ಟ ಮೊದಲ ರೆಸ್ಟು ಅದು. ಮುಖ ತೊಳೆದೆ. ಟೀ ಕುಡಿದೆ. ಬಿಸ್ಕತ್ತು ಅದ್ದಿಕೊಂಡು ತಿಂದೆ. ಅವಸರ ಮಾಡಲಿಲ್ಲ.

ವಾಪಸ್ ಬಂದಾಗ ಗೇಟಿನ ಮುಂದೆ ರಂಪ. ನನ್ನ ಲಾರಿ ಬಾಗಿಲಿಗೆ ಬೆಣೆ ಹೊಡೆದ ಹಾಗೆ ಕೂತಿತ್ತು. ಒಳಗಿನವು ಹೊರಗೆ ಬರುವಂತಿಲ್ಲ, ಹೊರಗಿನವು ಒಳಗೆ ಹೋಗುವಂತಿಲ್ಲ. ಸಾಲಿಡೀ ಹಾರ್ನ್ ಹೊಡೆಯುತ್ತಿತ್ತು. ಗೇಟಿನವನು ಟೊಪ್ಪಿ ತೆಗೆದು ತಲೆ ಕೆರೆದುಕೊಳ್ಳುತ್ತಿದ್ದ.

"ಎಲ್ಲಿ ಹಾಳಾಗಿ ಹೋಗಿದ್ದೆ? ತೆಗಿ ಗಾಡಿ."

"ನಾನು ರೆಸ್ಟಲ್ಲಿದ್ದೀನಿ," ಅಂದೆ. "ಬೇಕಾದ್ರೆ ಮ್ಯಾನೇಜರಿಗೆ ಫೋನ್ ಮಾಡಿ ಕೇಳು."

ನಿಂತು ಜಗಳವಾಡಲು ಮೈಯಲ್ಲಿ ತ್ರಾಣ ಇರಲಿಲ್ಲ. ಕೂರಲು ಕುರ್ಚಿ ಬೇಕಿತ್ತು. ಹಿಂದಿನ ದಿನ ಗೋದಾಮಿನವರು ಬೇಡ ಅಂದದ್ದು, ಕಾರ್ಖಾನೆಗೆ ವಾಪಸ್ ಕೊಡಲು ಮರೆತಿದ್ದ ಒಂದು ಬಿರುಕುಬಿಟ್ಟ ಕಮೋಡು ಸೀಟಿನ ಪಕ್ಕದಲ್ಲೇ ಇತ್ತು, ತಿಳಿನೀಲಿ ಬಣ್ಣದ್ದು. ಅದನ್ನು ಇಳಿಸಿ, ಲಾರಿಯ ನೆರಳಲ್ಲಿ ಗೇಟಿನ ನಟ್ಟನಡುವೆ ಇಟ್ಟು, ಮುಚ್ಚಳ ಹಾಕಿ, ಸೆರಗಿನಿಂದ ಧೂಳು ಒರೆಸಿ ಕೂತೆ. ಒಳ್ಳೆಯ ಮಾಲು. ಬೆನ್ನಿಗೆ ಒರಗು ಕೂಡ ಇತ್ತು.

ಹಾರ್ನ್ ತನ್ನ ಲಾರಿಯಿಂದ ಧುಮುಕಿ ಬಂದ. ಮುಖ ಕೆಂಪಾಗಿತ್ತು.

"ಏ ಸೌಟು. ತಲೆ ಕೆಟ್ಟಿದೆಯೇನೇ ನಿನಗೆ? ಗಾಡಿ ತೆಗಿ, ಇಲ್ಲಾಂದ್ರೆ ಸರಿ ಇರಲ್ಲ."

"ಅಣ್ಣ, ಈ ಹೊತ್ತಿಗೆ ನಿನಗೆ ಕೂಲಿ ಉಂಟಾ?"

"ಇಲ್ಲ."

"ಸಂಜೆ ತನಕ ನಿಂತ್ರೆ?"

"ಇಲ್ಲ. ಏನೀಗ?"

"ಮತ್ತೆ ಯಾರ ಅವಸರಕ್ಕೆ ನೀನು ಹಾರ್ನ್ ಹೊಡೀತಾ ಇದ್ದೀಯ?"

ಅವನು ಬಾಯಿ ತೆರೆದ. ಮುಚ್ಚಿದ. ಹಾರ್ನ್ ಸುಮ್ಮನಾದದ್ದನ್ನು ಸಾಲಿನವರು ಕಂಡಿದ್ದು ಅದೇ ಮೊದಲಿರಬೇಕು, ಹಿಂದಿನವರು ಇಣುಕಿ ನೋಡತೊಡಗಿದರು. ಅವನು ನನ್ನನ್ನು ನೋಡಿದ, ನೀಲಿ ಕಮೋಡನ್ನು ನೋಡಿದ, ತನ್ನ ಲಾರಿಯನ್ನು ನೋಡಿದ. ಗೊಣಗುತ್ತ ವಾಪಸ್ ಹೋಗಿ ಹತ್ತಿದ. ಅವನ ಎಂಜಿನ್ ನಿಂತ ಶಬ್ದ ಕೇಳಿತು. ಕೆಳಗಿಳಿದು ಟಯರಿಗೆ ಒರಗಿ ಕಾಲು ಚಾಚಿ ಕೂತ.

"ಏನಾಯ್ತು ಅಣ್ಣ?" ಅಂತ ಅವನ ಹಿಂದಿನವನು ಕೂಗಿ ಕೇಳಿದ.

"ರೆಸ್ಟ್," ಅಂತ ಕೂಗಿದ ಇವನು.

ಹಿಂದಿನವನ ಎಂಜಿನ್ ನಿಂತಿತು. ಅವನ ಹಿಂದಿನವನದು ನಿಂತಿತು. ಒಬ್ಬ ಕೆಳಗಿಳಿದು ಮೈ ಮುರಿದ. ಇನ್ನೊಬ್ಬ ಅಂಗಿ ಕಳಚಿ ಲಾರಿಯ ಅಡಿಯಲ್ಲಿ ಹಾಸಿಕೊಂಡು ಮಲಗಿದ. ಆ ರಸ್ತೆಯಲ್ಲಿ ಮರವಿದೆ, ಅದರಲ್ಲಿ ಹಕ್ಕಿಗಳೂ ಇವೆ ಅಂತ ನನಗೆ ಅಂದೇ ಗೊತ್ತಾದದ್ದು.

ಇಸ್ತ್ರಿ ಕಾರಿನಲ್ಲಿ ಬಂದ. ಸಾಲು ದಾಟಲಾಗದೆ ದೂರದಲ್ಲೇ ಇಳಿದು, ಧೂಳಿನಲ್ಲಿ ನಡೆದು ಬಂದ. ಪ್ಯಾಂಟಿನ ಗೆರೆ ಮೊಣಕಾಲಿನ ಹತ್ತಿರ ಸತ್ತಿತ್ತು. ನನ್ನನ್ನೂ ನನ್ನ ಸಿಂಹಾಸನವನ್ನೂ ಮೇಲಿಂದ ಕೆಳಗೆ ನೋಡಿದ.

"ಕೆಲಸದ ಹೊತ್ತಲ್ಲಿ ಇದೇನು ನಾಟಕ?"

"ಏನಂದ್ರಿ ಸರ್? ಯಾವ ಹೊತ್ತಲ್ಲಿ?"

ಅವನಿಗೆ ಕೂಡಲೇ ಹೊಳೆಯಿತು, ನಾಲಿಗೆ ಕಚ್ಚಿಕೊಂಡ. ತಡವಾಗಿತ್ತು. ಹಾರ್ನ್ ಕೂತಲ್ಲಿಂದಲೇ ಸಾಲಿಗೆ ಕೇಳುವ ಹಾಗೆ ಕೂಗಿದ. "ಕೆಲಸದ ಹೊತ್ತಂತೆ ಕಣ್ರೋ." ಆ ಮಾತು ಒಂದು ಲಾರಿಯಿಂದ ಇನ್ನೊಂದು ಲಾರಿಗೆ ದಾಟುತ್ತ ಸಾಲಿನ ಬಾಲದ ತನಕ ಹೋಯಿತು. ಅಲ್ಲಿಂದ ನಗು ವಾಪಸ್ ಬಂತು.

"ಬೆಳಿಗ್ಗೆಯಿಂದ ರೆಸ್ಟ್ ಅಂದ್ರಿ," ಅಂದೆ. "ಈಗ ಕೆಲಸ ಅಂತೀರಿ. ಎರಡ್ರಲ್ಲಿ ಒಂದು ಹೇಳಿ ಸರ್. ರೆಸ್ಟಾದ್ರೆ ನಾನು ಹೀಗೇ ಕೂತಿರ್ತೀನಿ. ಕೆಲಸ ಆದ್ರೆ ಬೆಳಿಗ್ಗೆಯಿಂದ ಕೂಲಿ ಕೊಡಿ, ಈಗಲೇ ಎದ್ದು ಗಾಡಿ ತೆಗೀತೀನಿ. ನನ್ನೊಬ್ಬಳಿಗಲ್ಲ. ಗೇಟಿಗೆ ಬಂದಾಗಿನಿಂದ ಗೇಟು ಬಿಡೋ ತನಕ, ನಿಂತದ್ದಕ್ಕೂ, ಇಳಿಸಿದ್ದಕ್ಕೂ, ಎಲ್ಲರಿಗೂ."

"ಕಂಪನಿ ಮುಳುಗಿಹೋಗುತ್ತೆ."

"ಇಷ್ಟು ದಿನ ನಮ್ಮ ತಲೆ ಮೇಲೆ ಕಾಲಿಟ್ಟು ತೇಲ್ತಾ ಇತ್ತು ಅಂತಾಯ್ತು."

ಅವನ ಫೋನ್ ಬಡಿದುಕೊಳ್ಳುತ್ತಿತ್ತು. ಗೋದಾಮಿನ ಒಳಗೆ ಅಂಗಡಿಗಳಿಗೆ ಹೊರಡಬೇಕಾದ ಲಾರಿಗಳು ತುಂಬಿ ನಿಂತಿದ್ದವು. ಮೇಲಿನವರು ಏನು ಬೈಯುತ್ತಿದ್ದರೋ, ಇಸ್ತ್ರಿ "ಹೌದು ಸರ್, ಹೌದು ಸರ್" ಅನ್ನುತ್ತ ಗೋಡೆಯ ಹತ್ತಿರ ಹೋಗಿ, ಅಲ್ಲಿಯ ವಾಸನೆಗೆ ಮೂಗು ಮುಚ್ಚಿಕೊಂಡು ವಾಪಸ್ ಬಂದ.

"ಸರಿ. ಕಾಯೋ ಹೊತ್ತಿಗೆ ಅರ್ಧ ಕೊಡ್ತೀವಿ. ಅರ್ಧ ಕೂಲಿ. ಅಲ್ಲಿಗೆ ಮುಗೀತು."

ಡ್ರೈವರುಗಳು ಮುಖ ಮುಖ ನೋಡಿಕೊಂಡರು. ಏನೂ ಇಲ್ಲದವರಿಗೆ ಅರ್ಧ ಅಂದರೆ ದೊಡ್ಡದು. ಇಬ್ಬರು ಮೂವರು ಎದ್ದು ಪ್ಯಾಂಟು ಕೊಡವಿಕೊಂಡರು. ನನಗೆ ಭಯವಾಯಿತು.

"ಆಗ್ಲಿ ಸರ್," ಅಂದೆ. "ಆದ್ರೆ ಅರ್ಧ ಕುಂಡೆಯಲ್ಲಿ ಕೂರೋದು ಹೇಗೆ ಅಂತ ಒಂದ್ಸಲ ಕೂತು ತೋರಿಸಿ. ನಾವು ಕಲ್ತ್ಕೊಳ್ತೀವಿ." ಎದ್ದು ನಿಂತು ಕಮೋಡಿನ ಕಡೆ ಕೈ ಚಾಚಿದೆ.

ಎದ್ದವರು ನಗುತ್ತ ಮತ್ತೆ ಕೂತರು. ಗೇಟಿನವನು ಟೊಪ್ಪಿಯಿಂದ ಬಾಯಿ ಮುಚ್ಚಿಕೊಂಡ. ಇಸ್ತ್ರಿಯ ಕಿವಿ ಕೆಂಪಾಯಿತು. ಇನ್ನೊಮ್ಮೆ ಫೋನಿನಲ್ಲಿ ಮಾತಾಡಿದ. ತುಂಬ ಹೊತ್ತು ಮಾತಾಡಿದ. ಕೊನೆಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಇವತ್ತಿನಿಂದ ಗೇಟಿನಿಂದ ಗೇಟಿಗೆ ಪೂರ್ತಿ ಕೂಲಿ. ಇಳಿಸೋ ಹೊತ್ತೂ ಸೇರಿ. ಏಳಿ ಇನ್ನು."

ಶಿಳ್ಳೆ ಬಿತ್ತು. ಯಾರೋ ನನ್ನ ಲಾರಿಯ ಬಾಗಿಲು ಬಡಿದರು. ಗೆದ್ದೆ ಅಂತ ಅನಿಸಲು ಒಂದು ಕ್ಷಣ ಸಿಕ್ಕಿತು. ಒಂದೇ ಕ್ಷಣ.

"ನಿನಗಲ್ಲ," ಅಂದ ಇಸ್ತ್ರಿ. "ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ. ಕೋತಿ ತಾನೂ ಕೆಟ್ಟು ವನಾನೂ ಕೆಡಿಸ್ತಂತೆ. ನಿನ್ನನ್ನ ಕೆಲಸದಿಂದ ತೆಗೆದಾಯ್ತು. ಕೀಲಿ ಕೊಡು."

ಸುಳ್ಳು ಯಾಕೆ ಹೇಳಲಿ, ಅಳು ಬಂತು. ಬಾಗಿಲಲ್ಲಿ ನಿಂತು ಯೋಗಕ್ಷೇಮ ಕೇಳುವ, ಸಾಲ ಕೊಟ್ಟವನು ಕಣ್ಣಿಗೆ ಬಂದ. ಮಾವನ ಸೊಂಟ ಕಣ್ಣಿಗೆ ಬಂತು. ಕುಪ್ಪಸದಿಂದ ಕೀಲಿ ತೆಗೆದು ಚಾಚಿದೆ. ಅವನು ಅದನ್ನು ಕರವಸ್ತ್ರದಲ್ಲಿ ಹಿಡಿದುಕೊಂಡ. ಅದನ್ನು ನೋಡಿದ್ದೇ ನನ್ನ ಅಳು ನಿಂತಿತು. ಈ ಮನುಷ್ಯನ ಮುಂದೆ ಒಂದು ಹನಿಯನ್ನೂ ಬೀಳಿಸಬಾರದು ಅನ್ನುವಷ್ಟು ಹೇಸಿಗೆ ಬಂತು.

ಸಾಲಿನ ಹಿಂದೆ ಕೆಲವರು ಆಗಲೇ ಎಂಜಿನ್ ಶುರು ಮಾಡಿದ್ದರು. ಅವರನ್ನು ನಾನು ದೂರುವುದಿಲ್ಲ. ಅವರ ಮನೆಗಳೂ ಸೋರುತ್ತವೆ. ಇಸ್ತ್ರಿ ಕರವಸ್ತ್ರದ ಕೀಲಿಯನ್ನು ಹಾರ್ನ್ ಕಡೆ ಎಸೆದ. "ನೀವು ಇವಳ ಗಾಡಿ ಒಳಗೆ ತಗೊಂಡು ಹೋಗಿ."

ಕೀಲಿ ಹಾರ್ನ್‌ನ ಕಾಲ ಹತ್ತಿರ ಬಿತ್ತು. ಅವನು ಅದನ್ನು ನೋಡಿದ, ಎತ್ತಲಿಲ್ಲ.

"ನನ್ನ ರೆಸ್ಟ್ ಮುಗಿದಿಲ್ಲ ಸರ್."

"ನಿಮಗೆ ಪೂರ್ತಿ ಕೂಲಿ ಕೊಟ್ಟಾಯ್ತಲ್ಲ."

"ಇವಳಿಗೆ?"

"ಇವಳು ನಿಮಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ. ಇವಳನ್ನ ಕಂಡ್ರೆ ನನಗೆ ಆಗಲ್ಲ. ರಿವರ್ಸ್ ತಗೊಳ್ಳೋದು ನೋಡಿದ್ರೆ ಮೈ ಉರಿಯುತ್ತೆ." ಅವನು ಬೆನ್ನನ್ನು ಟಯರಿಗೆ ಇನ್ನೂ ಚೆನ್ನಾಗಿ ಒರಗಿಸಿಕೊಂಡ. "ಆದ್ರೆ ಸರ್, ಕೇಳಿದವಳನ್ನೇ ಇವತ್ತು ತೆಗೆದ್ರೆ ನಾಳೆ ಕೊಟ್ಟಿದ್ದನ್ನ ತೆಗೆಯೋದು ಎಷ್ಟರ ಕೆಲಸ? ಕಾಲು ಶತಮಾನ ಪೆದ್ದನಾಗಿದ್ದೆ. ಇವತ್ತು ಒಂದು ದಿನ ರಜ."

ಅವನ ಲಾರಿ ನನ್ನದರ ಬೆನ್ನಿಗೇ ಅಂಟಿಕೊಂಡು ನಿಂತಿತ್ತು. ಅದು ಸರಿಯದೆ ಹಿಂದಿನವರು ಸರಿಯುವಂತಿರಲಿಲ್ಲ. ಶುರುವಾದ ಎಂಜಿನ್‌ಗಳು ಸ್ವಲ್ಪ ಹೊತ್ತು ಗುರುಗುಟ್ಟಿದವು. ಆಮೇಲೆ ಒಂದೊಂದಾಗಿ ಆರಿದವು. ಕೆಲವರು ಸಿಟ್ಟಿನಿಂದ ಆರಿಸಿದರು, ಕೆಲವರು ನಾಚಿಕೆಯಿಂದ. ಯಾವುದರಿಂದ ಆರಿಸಿದರೂ ಶಬ್ದ ಒಂದೇ.

ಇಸ್ತ್ರಿಯ ಫೋನ್ ಮತ್ತೆ ಬಡಿದುಕೊಂಡಿತು. ಅವನು ತೆಗೆಯಲಿಲ್ಲ. ಬೆವರು ಅವನ ಅಂಗಿಯ ಕಂಕುಳಲ್ಲಿ ದೊಡ್ಡ ಕಲೆ ಮಾಡಿತ್ತು. ಗೇಟಿನವನನ್ನು ನೋಡಿದ, ಅವನು ಆಕಾಶ ನೋಡಿದ. ನನ್ನ ಲಾರಿಯ ಮೆಟ್ಟಿಲ ತನಕ ಹೋಗಿ, ಸ್ಟೀರಿಂಗನ್ನು ಇಣುಕಿ ನೋಡಿ, ಇಳಿದು ಬಂದ. ಕೊನೆಗೆ ನನ್ನ ಮುಂದೆ ನಿಂತ. ಗೇಣು ದೂರವನ್ನೂ ಬಿಡದೆ ನಿಂತ.

"ನೋಡಿ," ಅಂದ. ನನಗೆ 'ನೋಡಿ' ಅಂದದ್ದು ಅದೇ ಮೊದಲು. "ನೀವಾದ್ರೂ ಅವರಿಗೆ ಸ್ವಲ್ಪ ಹೇಳಿ. ನಿಮ್ಮ ಮಾತು ಕೇಳ್ತಾರೆ."

ನಾನು ಮತ್ತೆ ಕಮೋಡಿನ ಮೇಲೆ ಕೂತೆ. ಪೂರ್ತಿ ಕೂತೆ. ಕಾಲ ಮೇಲೆ ಕಾಲು ಹಾಕಿಕೊಂಡೆ.

"ಡ್ರೈವರ್ ಕೆಲಸದಿಂದ ತೆಗೆದ್ರಲ್ಲ ಸರ್. ಇವರಿಗೆ ಹೇಳೋದು ಬೇರೆ ಕೆಲಸ," ಅಂದೆ. "ಇದಕ್ಕೆ ಗಂಟೆಗೆ ಎಷ್ಟು ಕೊಡ್ತೀರಿ, ಮೊದಲು ಅದನ್ನ ಹೇಳಿ."